ಕಿವಿಯ ಕನ್ನಡ, ಕಣ್ಣಿನ ಕನ್ನಡ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಘದ ಕಾರ್ಯಕರ್ತರು ಹದಿನೈದು ದಿವಸಗಳ ಹಿಂದೆ ನಮ್ಮ ಮನೆಗೆ ದಯಮಾಡಿಸಿ, ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತು ಆಡಬೇಕೆಂದು ಕೇಳಿಕೊಂಡರು. ನಾವು ವಾಡಿಕೆಯಂತೆ, ‘ಪಂಪನ ಬಗೆಗೆ ಹೇಳೋಣವೋ, ಕುಮಾರವ್ಯಾಸನ ಬಗೆಗೆ ಹೇಳೋಣವೋ’ ಎಂದು ವಿಚಾರಿಸಿದೆವು. ಅವರು ನಕ್ಕು, ‘ಪಂಪ ಕುಮಾರವ್ಯಾಸರು ತರಗತಿಯಲ್ಲಿ ದಿನವೂ ಇದ್ದಾರಲ್ಲ ಮಾಷ್ಟ್ರೇ. ಈ ಸಲ ನಿಮ್ಮ ಓಡಾಟ, ನಿಮ್ಮ ಆಟದ ಹುಚ್ಚು, ನಿಮ್ಮ ದಿನಚರಿ, ಇವನ್ನೇ ಹೇಳಿ’ ಎಂದರು. ನಮಗೆ ಸಂಕೋಚವಾಯಿತು. ಪಾಠ ಹೇಳುವವನಿಗೆ ಪರರ ಮಾತನ್ನು ವಿವರಿಸುವ ಅಭ್ಯಾಸವಿರುತ್ತದೆಯೇ ಹೊರತು ತನ್ನ ಮಾತನ್ನು ಆಡುವ ಅಭ್ಯಾಸವಿರುವುದಿಲ್ಲ. ಆದರೂ ಹಿರಿಯರ ಅಪ್ಪಣೆಯನ್ನು ಮೀರಲಾರದೆ ಇಲ್ಲಿ ನಿಂತಿದ್ದೇವೆ. ಕೊನೆಯಲ್ಲಿ ಒಂದು ತಪ್ಪೊಪ್ಪಿಗೆಯೂ ಉಂಟು. ಅದನ್ನು ಕೇಳಿದ ಮೇಲೆ ನೀವು ನಮ್ಮನ್ನು ಮನ್ನಿಸುವಿರೆಂಬ ಭರವಸೆಯಿಂದಲೇ ಮಾತನ್ನು ಆರಂಭಿಸುತ್ತೇವೆ.

ಮೊದಲು ದಿನಚರಿ. ಬೆಳಗ್ಗೆ ಎದ್ದು ನಮ್ಮ ತಾಯಿಯವರೊಡನೆ ಆಡುವ ಮೊದಲ ಮಾತು ತುಳು. ಗೇಟಿನ ಬಳಿ ಮೀನು ತರುವವನೊಡನೆ ಬ್ಯಾರಿ ಭಾಷೆ. ಬಸ್ಸಿನಲ್ಲಿ ಕಂಡಕ್ಟರನೊಡನೆ ಮಲಯಾಳ. ಪಕ್ಕದಲ್ಲಿ ಕುಳಿತ ಅಡಕೆ ತೋಟದ ಭಟ್ಟರು ಮಾತನಾಡಿಸಿದರೆ ಹವ್ಯಕ ಕನ್ನಡ. ಪೇಟೆಯಲ್ಲಿ ಜಿನಸಿನ ಅಂಗಡಿಯ ಕಾಮತರ ಮನೆಮಾತು ಕೊಂಕಣಿ. ಶಾಲೆಯ ಕಚೇರಿಗೆ ಮೇಲಿನಿಂದ ಬರುವ ಸುತ್ತೋಲೆ ಬಹುಮಟ್ಟಿಗೆ ಮಲಯಾಳದಲ್ಲಿರುತ್ತದೆ. ಇಷ್ಟೆಲ್ಲ ದಾಟಿ, ಹತ್ತು ಗಂಟೆಗೆ ತರಗತಿಯ ಹೊಸ್ತಿಲನ್ನು ತುಳಿದಾಗಲೇ ನಮ್ಮ ಬಾಯಿಂದ ದಿನದ ಮೊದಲ ಗ್ರಂಥಸ್ಥ ಕನ್ನಡ ಹೊರಡುವುದು. ಕಾಸರಗೋಡು ಸಪ್ತಭಾಷೆಗಳ ಸಂಗಮಭೂಮಿಯೆಂದು ಭಾಷಣಗಳಲ್ಲಿ ಕೇಳುತ್ತೇವೆ. ಆ ಸಂಗಮದಲ್ಲಿ ನಾವು ಪ್ರತಿದಿನ ಬೆಳಗ್ಗೆ ಮಿಂದು, ಒದ್ದೆ ಬಟ್ಟೆಯಲ್ಲಿಯೇ ಶಾಲೆಗೆ ಹೋಗುವವರು.

ಇಲ್ಲಿ ಒಂದು ಮಾತನ್ನು ನಿಸ್ಸಂಕೋಚವಾಗಿ ಹೇಳಬೇಕು. ನಮ್ಮಲ್ಲಿ ಅನೇಕರ ಅಡುಗೆಮನೆಯಲ್ಲಿ ಕನ್ನಡವಿಲ್ಲ. ನಮ್ಮ ಮನೆಯಲ್ಲಿಯೂ ಇಲ್ಲ. ಹಾಗಿದ್ದರೂ ನಾವು ಕನ್ನಡಿಗರು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಅವರು ಕನ್ನಡದ ಮಹಾಕವಿಗಳಾದರು, 1949ರಲ್ಲಿ ರಾಷ್ಟ್ರಕವಿಗಳೆನಿಸಿದರು. ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಅವರು ಪೆರಡಾಲದ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಳ್ಳುವವರೆಗೂ ಈ ನೆಲದ ಕನ್ನಡದ ದನಿಯಾಗಿದ್ದರು. ತಾಯ ಮೊಲೆಹಾಲಿನೊಡನೆ ಬಾರದ ಭಾಷೆ ಇವರಿಗೆ ಪ್ರಾಣವಾದುದು ಹೇಗೆ? ಶಾಲೆಯಿಂದ ಎಂದರೆ ಅರ್ಧ ಉತ್ತರವಾಯಿತು. ಉಳಿದರ್ಧವನ್ನು ಹುಡುಕಬೇಕಾದರೆ ರಾತ್ರಿಯ ಹೊತ್ತು ಗದ್ದೆಗೆ ಇಳಿಯಬೇಕು.

ನಮಗೆ ಐದಾರು ವರ್ಷವಾಗಿದ್ದಾಗ, ಕೊಯ್ಲಾದ ಗದ್ದೆಯಲ್ಲಿ ಚಾಪೆ ಹಾಸಿ, ಅಜ್ಜನ ಶಾಲಿನೊಳಗೆ ಮುದುಡಿ ಕುಳಿತು ಆಟ ನೋಡಿದವರು ನಾವು. ಕೋಡಂಗಿಗಳು ಕುಣಿದು ಹೋಗುವಾಗ ಎಚ್ಚರವಿರುತ್ತಿತ್ತು. ಪೀಠಿಕೆಯ ವೇಷ ಬರುವಷ್ಟರಲ್ಲಿ ನಿದ್ದೆ. ನಡುರಾತ್ರಿ ಚೆಂಡೆಯ ಅಬ್ಬರಕ್ಕೆ ಬೆಚ್ಚಿ ಎದ್ದರೆ, ಎದುರಿಗೆ ದೀಟಿಗೆಯ ಬೆಳಕಿನಲ್ಲಿ ಬಣ್ಣದ ವೇಷ! ಭಯದಿಂದ ಅಜ್ಜನ ತೊಡೆಯನ್ನು ಅಪ್ಪಿಕೊಂಡು ಮತ್ತೆ ಕಣ್ಣು ಮುಚ್ಚಿದರೂ ಕಿವಿ ಮುಚ್ಚುತ್ತಿರಲಿಲ್ಲ. ಭಾಗವತರ ಪದ, ಜಾಗಟೆಯ ನಾದ, ವೇಷಧಾರಿಗಳ ಮಾತು ಎಲ್ಲವೂ ಅರೆನಿದ್ದೆಯಲ್ಲಿ ಒಳಗಿಳಿಯುತ್ತಿದ್ದವು. ‘ಭ್ರಾತೃವಾತ್ಸಲ್ಯ’, ‘ಅಪ್ರತಿಮ’, ‘ನಿಷ್ಕರುಣೆ’ ಮೊದಲಾದ ಮಾತುಗಳು ಅಕ್ಷರಾಭ್ಯಾಸಕ್ಕೆ ಮುಂಚೆಯೇ ನಮ್ಮ ಕಿವಿಯಲ್ಲಿ ಮನೆ ಮಾಡಿದ್ದವು. ತುಳುವಿನಲ್ಲಿ ಹಸಿವು ನಿದ್ದೆಗಳನ್ನು ಹೇಳಿಕೊಳ್ಳುತ್ತಿದ್ದ ಹುಡುಗನಿಗೆ ಕನ್ನಡವೆಂಬುದು ರಾಮಲಕ್ಷ್ಮಣರ ಭಾಷೆಯಾಗಿ, ಬೆಳಗಿನವರೆಗೂ ಉರಿಯುವ ದೀಪದ ಭಾಷೆಯಾಗಿ ಪರಿಚಯವಾಯಿತು.

ಇದು ನಮ್ಮೊಬ್ಬರ ಅದೃಷ್ಟವಲ್ಲ, ಈ ಮಣ್ಣಿನ ಅದೃಷ್ಟ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದು ಬಂದಿರುವ ರಾಮಾಯಣದ ಪ್ರಸಂಗಗಳನ್ನು ಇಂದಿಗೂ ಮೇಳಗಳು ಆಡುತ್ತಿವೆ. ಪಡ್ರೆಯಲ್ಲಿ ಹುಟ್ಟಿ, ತಮ್ಮದೇ ಒಂದು ಹಾಡುಗಾರಿಕೆಯ ಮಟ್ಟನ್ನು ಉಳಿಸಿ ಬೆಳೆಸಿ 2023ರಲ್ಲಿ ಕಣ್ಮರೆಯಾದ ಬಲಿಪ ನಾರಾಯಣ ಭಾಗವತರ ಏರುಶ್ರುತಿಯ ಪದವನ್ನು ಈ ಸಭೆಯಲ್ಲಿರುವ ಎಷ್ಟೋ ಮಂದಿ ಕೇಳಿದ್ದೀರಿ. ತಾಳಮದ್ದಳೆಯಲ್ಲಿ ಕುಳಿತಲ್ಲಿಂದಲೇ ವಾಲಿಯನ್ನೂ ರಾವಣನನ್ನೂ ಮಾತಿನಿಂದ ಕಟ್ಟಿ ನಿಲ್ಲಿಸುತ್ತಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ನಮ್ಮ ನೆರೆಯವರು. ಪತ್ತನಾಜೆಯ ದಿನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಈ ಮಾತುಗಳನ್ನೇ ಮನೆಯ ಜಗಲಿಯಲ್ಲಿ ಮೆಲುಕು ಹಾಕುತ್ತಿದ್ದರು ನಮ್ಮ ಹಿರಿಯರು. ಅವರಲ್ಲಿ ಬಹುಮಂದಿಗೆ ಓದು ಬರಹ ಬರುತ್ತಿರಲಿಲ್ಲ. 1956ರ ನವೆಂಬರ್ 1ರಂದು ಈ ತಾಲ್ಲೂಕು ಕೇರಳಕ್ಕೆ ಸೇರಿತು. ನಕ್ಷೆಯ ಗೆರೆ ಬದಲಾಯಿತು. ಆದರೆ ಆ ವರ್ಷವೂ ಮೇಳ ತಿರುಗಾಟಕ್ಕೆ ಹೊರಡುವಾಗ ಹಾಡಿದ ಪದ ಬದಲಾಗಲಿಲ್ಲ. ಇದನ್ನೇ ನಾವು ‘ಕಿವಿಯ ಕನ್ನಡ’ ಎಂದು ಕರೆಯುತ್ತೇವೆ.

ಈ ಕಿವಿಯ ಕನ್ನಡ ತರಗತಿಯಲ್ಲಿ ನಮಗೆ ಮಾಡಿದ ಉಪಕಾರವೊಂದನ್ನು ಹೇಳುತ್ತೇವೆ. ಛಂದಸ್ಸಿನ ಪಾಠವೆಂದರೆ ಮಕ್ಕಳಿಗೆ ಬೇವಿನ ಕಷಾಯ. ಒಂದು ದಿನ ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ, ಲಘು ಗುರುಗಳ ಗೆರೆ ಎಳೆದು, ಮೂರು ನಾಲ್ಕು ಮೂರು ನಾಲ್ಕು ಎಂದು ಹದಿನಾಲ್ಕು ಮಾತ್ರೆಗಳನ್ನು ಎಣಿಸಿ ತೋರಿಸುತ್ತಿದ್ದೆವು. ಹಿಂದಿನ ಬೆಂಚಿನಲ್ಲಿ ಯಾವನೋ ಡೆಸ್ಕನ್ನು ಬಡಿಯುತ್ತಿರುವುದು ಕೇಳಿಸಿತು. ಗದರಿಸಬೇಕೆಂದು ಹತ್ತಿರ ಹೋದರೆ, ಮದ್ದಳೆ ಕಲಿಯುತ್ತಿದ್ದ ಹುಡುಗ ಎದ್ದು ನಿಂತು, ‘ಇದು ತ್ರಿವುಡೆ ಅಲ್ಲವಾ ಮಾಷ್ಟ್ರೇ?’ ಎಂದು ಕೇಳಿದ. ನಾವು ಬೆರಗಾದೆವು. ರಂಗಸ್ಥಳದಲ್ಲಿ ಭಾಗವತರು ಭಾಮಿನಿಯನ್ನು ಸಾಮಾನ್ಯವಾಗಿ ತಾಳವಿಲ್ಲದೆ ರಾಗವಾಗಿ ಎಳೆದು ಹಾಡುತ್ತಾರೆ. ಆದರೂ ಅದರೊಳಗೆ ಏಳು ಮಾತ್ರೆಯ ನಡೆ ಅಡಗಿದೆಯೆಂಬುದನ್ನು ಈ ಹುಡುಗನ ಬೆರಳು ಕಂಡುಹಿಡಿದಿತ್ತು. ಅಂದಿನಿಂದ ನಮ್ಮ ಛಂದಸ್ಸಿನ ಪಾಠ ಡೆಸ್ಕಿನ ಮೇಲೆಯೇ ಸಾಗುತ್ತಿದೆ. ಭಾಮಿನಿಗೆ ತ್ರಿವುಡೆ, ಐದೈದು ಮಾತ್ರೆಯ ವಾರ್ಧಕಕ್ಕೆ ಝಂಪೆ. ನೆರೆ ತರಗತಿಯ ಟೀಚರು ಗದ್ದಲವೆಂದು ದೂರಿದ್ದೂ ಉಂಟು. ಪ್ರಸ್ತಾರದಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಕಡಿಮೆಯಾದ ಮೇಲೆ ಆ ದೂರು ತಾನಾಗಿಯೇ ನಿಂತಿತು.

ಇನ್ನು ಓಡಾಟದ ಮಾತು. ಉಪಾಧ್ಯಾಯನಿಗೆ ದೂರ ಪ್ರಯಾಣ ಒದಗುವುದು ತರಬೇತಿಗೆ, ಮೌಲ್ಯಮಾಪನಕ್ಕೆ, ಇಲ್ಲವೇ ಮಕ್ಕಳೊಡನೆ ಕಲೋತ್ಸವಕ್ಕೆ. ಕೇರಳದ ಶಾಲಾ ಕಲೋತ್ಸವ 1957ರ ಜನವರಿಯಲ್ಲಿ ಎರ್ನಾಕುಳಂನಲ್ಲಿ ಆರಂಭವಾದುದು. ಇಂದು ಅದರಲ್ಲಿ ಕನ್ನಡ ಪದ್ಯ ವಾಚನವಿದೆ, ಕನ್ನಡ ಭಾಷಣವಿದೆ, ಯಕ್ಷಗಾನವೂ ಸ್ಪರ್ಧೆಯ ಒಂದು ವಿಷಯವಾಗಿದೆ. 62ನೆಯ ಕಲೋತ್ಸವವು 2024ರ ಜನವರಿ 4ರಿಂದ 8ರವರೆಗೆ ಕೊಲ್ಲಂನಲ್ಲಿ ನಡೆದಾಗ, ಯಕ್ಷಗಾನದ ಮಕ್ಕಳ ತಂಡದೊಡನೆ ಹೋಗುವ ಕೆಲಸ ನಮ್ಮ ಪಾಲಿಗೆ ಬಂದಿತು.

ಕಾಸರಗೋಡಿನಿಂದ ಕೊಲ್ಲಂ ಐನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಇಡೀ ರಾತ್ರಿ ರೈಲಿನಲ್ಲಿಯೇ. ಕಿರೀಟಗಳ ಪೆಟ್ಟಿಗೆ, ಬಣ್ಣದ ಡಬ್ಬ, ಗೆಜ್ಜೆಯ ಗಂಟು, ಚೆಂಡೆ ಮದ್ದಳೆಗಳ ಚೀಲ, ತಾಯಂದಿರು ಕಟ್ಟಿಕೊಟ್ಟ ಬುತ್ತಿ, ಇವುಗಳ ನಡುವೆ ಮಕ್ಕಳು, ಮಕ್ಕಳ ನಡುವೆ ನಾವು. ಗಾಡಿ ಚಂದ್ರಗಿರಿ ಹೊಳೆಯ ಸೇತುವೆಯನ್ನು ದಾಟಿ ಕಳನಾಡಿನ ಸುರಂಗವನ್ನು ಹೊಕ್ಕಾಗ ಮಕ್ಕಳೆಲ್ಲ ಕೂಗು ಹಾಕಿದರು. ಸುರಂಗದಿಂದ ಹೊರಬಿದ್ದ ಕೂಡಲೇ ಒಬ್ಬಳು ಸಣ್ಣ ದನಿಯಲ್ಲಿ ಪದ ಎತ್ತಿಕೊಂಡಳು. ಇನ್ನೊಬ್ಬ ಬಣ್ಣದ ಡಬ್ಬದ ಮೇಲೆ ಬೆರಳಾಡಿಸಿದ. ಎದುರಿನ ಸೀಟಿನಲ್ಲಿದ್ದ ವೃದ್ಧರೊಬ್ಬರು ಪತ್ರಿಕೆಯನ್ನು ಮಡಿಸಿಟ್ಟು, ‘ಇದೇತು ಭಾಷ?’ ಎಂದು ಮಲಯಾಳದಲ್ಲಿ ವಿಚಾರಿಸಿದರು. ಕನ್ನಡವೆಂದಾಗ, ‘ನಮ್ಮ ನಾಡಿನಲ್ಲಿಯೇ?’ ಎಂದು ಆಶ್ಚರ್ಯಪಟ್ಟರು. ಕಣ್ಣೂರು ದಾಟಿ ಕಲ್ಲಿಕೋಟೆಯವರೆಗೂ ಅವರು ಪದ ಕೇಳಿದರು. ಇಳಿಯುವಾಗ, ಹಾಡಿದ ಹುಡುಗಿಯ ತಲೆ ಸವರಿ ಎರಡು ಕಿತ್ತಳೆ ಹಣ್ಣು ಕೊಟ್ಟು ಹೋದರು. ನಾವು ಗಡಿನಾಡಿನವರು ನಮ್ಮ ಭಾಷೆಯನ್ನು ಎಷ್ಟೋ ಸಲ ಒಂದು ಅಹವಾಲಿನಂತೆ ಕೈಯಲ್ಲಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತೇವೆ. ಅದಕ್ಕೆ ಕಾರಣಗಳೂ ಇವೆ. ಆದರೆ ಆ ರಾತ್ರಿ ಮಕ್ಕಳು ಅದನ್ನು ಒಂದು ಉಡುಗೊರೆಯಂತೆ ಕೊಂಡೊಯ್ಯುತ್ತಿದ್ದರು.

ಕೊಲ್ಲಂನಲ್ಲಿ ಸ್ಪರ್ಧೆಯ ದಿನ ಚೌಕಿಯಲ್ಲಿ ಮಕ್ಕಳು ಸಾಲಾಗಿ ಕುಳಿತು ಬಣ್ಣ ಬಳಿದುಕೊಳ್ಳುತ್ತಿದ್ದರು. ಯಕ್ಷಗಾನಕ್ಕೆ ಬರುವವರೆಲ್ಲ ನಮ್ಮ ಜಿಲ್ಲೆಯವರೇ ಎಂದು ಭಾವಿಸಬೇಡಿ. ತೆಂಕಣ ಜಿಲ್ಲೆಗಳ ಶಾಲೆಗಳೂ ನಮ್ಮ ಕಡೆಯ ಕಲಾವಿದರನ್ನು ಕರೆಸಿ, ಕನ್ನಡದ ಗಂಧವಿಲ್ಲದ ಮಕ್ಕಳಿಗೆ ಕುಣಿತ ಮಾತುಗಳನ್ನು ಕಲಿಸಿ ಕರೆತರುತ್ತವೆ. ಅಂಥ ಒಂದು ತಂಡದ ಹುಡುಗಿ, ಲಕ್ಷ್ಮಣನ ವೇಷ ಕಟ್ಟಿದ್ದವಳು, ಮೂಲೆಯಲ್ಲಿ ನಿಂತು ಒಂದು ಹಾಳೆಯನ್ನು ನೋಡುತ್ತ ಮಾತು ಒಪ್ಪಿಸಿಕೊಳ್ಳುತ್ತಿದ್ದಳು. ಹತ್ತಿರ ಹೋಗಿ ನೋಡಿದೆವು. ಮಾತು ಕನ್ನಡದ್ದು, ಅಕ್ಷರ ಮಲಯಾಳದ್ದು.

‘ಅಣ್ಣನ ಅಪ್ಪಣೆಯಿಲ್ಲದೆ ಬಿಲ್ಲಿಗೆ ಹೆದೆಯೇರಿಸುವವನಲ್ಲ’ ಎಂಬರ್ಥದ ಮಾತು ಅದು. ಅವಳ ಉಚ್ಚಾರ ಸ್ಪಷ್ಟವಾಗಿತ್ತು, ಕಂಠ ಗಟ್ಟಿಯಾಗಿತ್ತು. ಆದರೆ ‘ಹೆದೆಯೇರಿ’ ಎಂದು ನಿಲ್ಲಿಸಿ, ಉಸಿರೆಳೆದುಕೊಂಡು, ‘ಸುವವನಲ್ಲ’ ಎಂದು ಮುಗಿಸುತ್ತಿದ್ದಳು. ಪದ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುವುದೆಂಬುದು ಅವಳಿಗೆ ತಿಳಿಯದು. ನಮ್ಮ ತಂಡದ ಹುಡುಗನೊಬ್ಬ, ಅದೇ ಮದ್ದಳೆಯ ಹುಡುಗ, ಅವಳ ಬಳಿಗೆ ಹೋಗಿ, ‘ಹೆದೆಯೆಂದರೆ ಞಾಣ್’ ಎಂದು ಆರಂಭಿಸಿ ಇಡೀ ಮಾತಿನ ಅರ್ಥವನ್ನು ಮಲಯಾಳದಲ್ಲಿ ಹೇಳಿದ. ಸ್ಪರ್ಧೆಯಲ್ಲಿ ಎದುರಾಳಿಗೆ ಪಾಠ ಹೇಳಿಕೊಡುತ್ತಿದ್ದಾನಲ್ಲ ಎಂದು ನಮ್ಮ ತಂಡದ ಒಬ್ಬಿಬ್ಬರು ಮುಖ ಸಿಂಡರಿಸಿದರು. ನಾವು ಸುಮ್ಮನಿದ್ದೆವು. ಅರ್ಥ ತಿಳಿದ ಮರುಕ್ಷಣ ಆ ಹುಡುಗಿ ಹಾಳೆಯನ್ನು ಕೆಳಗಿಳಿಸಿ, ಕತ್ತನ್ನು ನೆಟ್ಟಗೆ ಮಾಡಿ, ಒಂದೇ ಉಸಿರಿನಲ್ಲಿ ಮಾತನ್ನು ಹೇಳಿದಳು. ಆವರೆಗೆ ವೇಷ ಮಾತ್ರ ಲಕ್ಷ್ಮಣನದಾಗಿತ್ತು. ಆಗ ಲಕ್ಷ್ಮಣನೇ ಬಂದು ನಿಂತ ಹಾಗಾಯಿತು. ಬಳಿಕ ಅವಳು ನಮ್ಮ ಹುಡುಗನನ್ನು ಕೇಳಿದ ಪ್ರಶ್ನೆ ಇದು: ‘ನೀವು ಇದನ್ನೆಲ್ಲ ಕನ್ನಡದಲ್ಲಿಯೇ ಓದಬಲ್ಲಿರಾ?’ ಅವಳ ದನಿಯಲ್ಲಿ ಇದ್ದುದು ಅಸೂಯೆಯಲ್ಲ, ಆಸೆ.

ಸ್ಪರ್ಧೆಯ ಫಲಿತಾಂಶವನ್ನು ಇಲ್ಲಿ ಹೇಳಬೇಕಾಗಿಲ್ಲ. ಮಕ್ಕಳು ಸಂತೋಷದಿಂದ ಮರಳಿದರು ಎಂದರೆ ಸಾಕು. ಮರಳುವ ಗಾಡಿಯಲ್ಲಿ ಎಲ್ಲರೂ ಮಲಗಿದ ಮೇಲೆ ಆ ಹುಡುಗ ಕೆಳಗಿನ ಬರ್ತಿಗೆ ಇಳಿದು ಬಂದು ನಮ್ಮ ಪಕ್ಕದಲ್ಲಿ ಕುಳಿತ. ಹೊರಗೆ ಬೆಳದಿಂಗಳಿರಲಿಲ್ಲ. ಭಾರತಪ್ಪುಳೆಯ ಮರಳು ಕತ್ತಲೆಯಲ್ಲಿ ಮಸುಕಾಗಿ ಸರಿದು ಹೋಗುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನು ಯಾವ ಕಪಟವೂ ಇಲ್ಲದೆ ಕೇಳಿದ: ‘ನಿಮ್ಮ ಮಗಳು ಯಾವ ಶಾಲೆಗೆ ಹೋಗುವುದು ಮಾಷ್ಟ್ರೇ?’

ಬಂಧುಗಳೇ, ಇದೇ ನಮ್ಮ ತಪ್ಪೊಪ್ಪಿಗೆ. ಆಗ ನಾಲ್ಕನೆಯ ತರಗತಿಯಲ್ಲಿದ್ದ ನಮ್ಮ ಮಗಳು ಪೇಟೆಯ ಒಂದು ಆಂಗ್ಲ ಮಾಧ್ಯಮ ಶಾಲೆಗೆ ಹೋಗುತ್ತಿದ್ದಳು.

ಕೇರಳದಲ್ಲಿ ಜೂನ್ ತಿಂಗಳು ಶಾಲೆ ತೆರೆದ ಆರನೆಯ ಕೆಲಸದ ದಿನ ತಲೆಯೆಣಿಕೆ ನಡೆಯುತ್ತದೆಂಬುದು ನಿಮಗೆ ಗೊತ್ತು. ಅಂದು ಹಾಜರಿರುವ ಮಕ್ಕಳ ಸಂಖ್ಯೆಯ ಮೇಲೆ ಎಷ್ಟು ಡಿವಿಜನ್, ಎಷ್ಟು ಅಧ್ಯಾಪಕರು ಎಂಬುದು ತೀರ್ಮಾನವಾಗುತ್ತದೆ. ನಾಲ್ಕು ಮಕ್ಕಳು ಕಡಿಮೆಯಾದರೆ ಕನ್ನಡದ ಒಂದು ಡಿವಿಜನ್ ಬಿದ್ದುಹೋಗಬಹುದು. ಹಾಗೆ ಹೋದುದು ಮತ್ತೆ ಬರುವುದು ದುರ್ಲಭ. ಅದಕ್ಕಾಗಿ ಏಪ್ರಿಲ್ ಮೇ ತಿಂಗಳ ಉರಿಬಿಸಿಲಿನಲ್ಲಿ ನಾವು ಮನೆಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು, ‘ಮಕ್ಕಳನ್ನು ಕನ್ನಡಕ್ಕೆ ಕಳುಹಿಸಿ’ ಎಂದು ಬೇಡುತ್ತಿದ್ದೆವು. ನೀವು ಯಾರೂ ನಮ್ಮನ್ನು ಆ ಪ್ರಶ್ನೆ ಕೇಳಲಿಲ್ಲ. ಮಾಷ್ಟ್ರ ಮರ್ಯಾದೆ ಕಾಯಬೇಕೆಂದು ಸುಮ್ಮನಿದ್ದಿರಿ. ದೊಡ್ಡವರು ದಾಕ್ಷಿಣ್ಯಕ್ಕಾಗಿ ಕೇಳದೆ ಬಿಟ್ಟುದನ್ನು ಒಬ್ಬ ಹುಡುಗ ರೈಲಿನಲ್ಲಿ ಕೇಳಿದ. ನಾವು ಅವನಿಗೆ ನಿಜವನ್ನೇ ಹೇಳಿದೆವು. ಅವನು ‘ಹೌದಾ’ ಎಂದಷ್ಟೇ ಹೇಳಿ, ಮೇಲೆ ಹತ್ತಿ ಮಲಗಿದ. ನಮಗೆ ನಿದ್ದೆ ಬರಲಿಲ್ಲ.

ನಿದ್ದೆ ಬಾರದುದಕ್ಕೆ ಇನ್ನೂ ಒಂದು ಕಾರಣವಿತ್ತು. ಕೆಲವು ತಿಂಗಳ ಹಿಂದೆ ನಮ್ಮ ಮಗಳು ಆಟದ ಪದವೊಂದನ್ನು ಕಲಿತು ನೆಂಟರ ಮುಂದೆ ಹಾಡಿದ್ದಳು. ಎಲ್ಲರೂ ಮೆಚ್ಚಿದ್ದರು, ನಾವು ಹಿಗ್ಗಿದ್ದೆವು. ಆ ಪದವನ್ನು ಅವಳು ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದುದು ಇಂಗ್ಲಿಷ್ ಅಕ್ಷರಗಳಲ್ಲಿ. ಅಂದು ಅದು ನಮಗೆ ಕೊರತೆಯೆಂದು ತೋರಲಿಲ್ಲ, ಜಾಣತನವೆಂದು ತೋರಿತ್ತು. ಕೊಲ್ಲಂನ ಆ ಹುಡುಗಿಯ ಹಾಳೆಯನ್ನು ಕಂಡ ಮೇಲೆ ನಮ್ಮ ಮಗಳ ಪುಸ್ತಕ ಕಣ್ಣೆದುರಿಗೆ ಬಂದಿತು. ಇಬ್ಬರಲ್ಲಿ ಏನು ವ್ಯತ್ಯಾಸ? ಆ ಹುಡುಗಿ ತನ್ನದಲ್ಲದ ಭಾಷೆಯನ್ನು ಕಷ್ಟಪಟ್ಟು ಹತ್ತಿರ ತಂದುಕೊಂಡಿದ್ದಳು. ನಮ್ಮ ಮಗಳಾದರೋ ತನ್ನದೇ ಭಾಷೆಯನ್ನು ದೂರದಿಂದ ನೋಡುತ್ತಿದ್ದಳು. ಆ ದೂರವನ್ನು ಉಂಟುಮಾಡಿದವರು ಕನ್ನಡ ಪಂಡಿತರೆನಿಸಿಕೊಂಡ ನಾವು. ಕಿವಿಯ ಕನ್ನಡ ಒಂದೇ ಸಾಲದೆಂಬುದು ಅಂದು ನಮಗೆ ಮನವರಿಕೆಯಾಯಿತು. ಕಿವಿ ನಾದವನ್ನು ಉಳಿಸುತ್ತದೆ. ಆದರೆ ಪದವನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕು, ಅದರ ಒಳಗೇನಿದೆ ಎಂಬುದನ್ನು ತಾನಾಗಿಯೇ ಪುಸ್ತಕ ತೆರೆದು ಕಂಡುಕೊಳ್ಳಬೇಕಾದರೆ ಕಣ್ಣಿನ ಕನ್ನಡವೂ ಬೇಕು. ಹಿಂದೆ ಓದು ಬಾರದ ಹಿರಿಯರಿಗೆ ಬೆಳಗಿನವರೆಗೆ ಆಡುವ ಮೇಳಗಳೂ ಮಳೆಗಾಲದ ಜಗಲಿಯೂ ಇದ್ದವು. ಈಗಿನ ಮಕ್ಕಳಿಗೆ ಅಷ್ಟು ರಾತ್ರಿಗಳಿಲ್ಲ. ಶಾಲೆಯೂ ಕೈಬಿಟ್ಟರೆ ಅವರಿಗೆ ಉಳಿಯುವುದು ಅರ್ಥವಿಲ್ಲದ ರಾಗ.

ಮನೆಗೆ ಬಂದು ವಿಚಾರ ಮಾಡಿದೆವು. ನಮ್ಮ ಮನೆಯವರಿಗೆ ಒಪ್ಪಿಗೆಯಿರಲಿಲ್ಲ. ‘ಇಷ್ಟು ವರ್ಷ ಓದಿದ್ದನ್ನು ಬಿಡಿಸಿ, ಮುಂದೆ ಅವಳು ಹಿಂದೆ ಬಿದ್ದರೆ ಯಾರು ಹೊಣೆ?’ ಎಂದು ಕೇಳಿದರು. ತಾಯಿಯ ಪ್ರಶ್ನೆ ಅದು, ಅದರಲ್ಲಿ ಅನ್ಯಾಯವೇನೂ ಇಲ್ಲ. ಇಲ್ಲಿರುವ ತಂದೆತಾಯಂದಿರೆಲ್ಲರ ಪ್ರಶ್ನೆಯೂ ಅದೇ. ಇಂಗ್ಲಿಷನ್ನು ಚೆನ್ನಾಗಿ ಕಲಿಸುವ ಹೊಣೆ ನಮ್ಮದು ಎಂದು ಮಾತು ಕೊಟ್ಟೆವು. ಆ ವರ್ಷ ಜೂನ್ ತಿಂಗಳಲ್ಲಿ ಮಗಳು ನಮ್ಮ ಶಾಲೆಯ ಐದನೆಯ ತರಗತಿಗೆ ಸೇರಿದಳು. ಆರನೆಯ ಕೆಲಸದ ದಿನದ ತಲೆಯೆಣಿಕೆಯಲ್ಲಿ ಒಂದು ತಲೆ ನಮ್ಮ ಮನೆಯದಾಯಿತು.

ಎಲ್ಲವೂ ಸುಗಮವಾಯಿತೆಂದು ಹೇಳಿದರೆ ಸುಳ್ಳಾದೀತು. ಮೊದಲ ವರ್ಷ ಅವಳು ಅತ್ತದ್ದುಂಟು, ಒತ್ತಕ್ಷರದಲ್ಲಿ ಈಗಲೂ ಎಡವುವುದುಂಟು. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಪಂಚವಟಿ ಪ್ರಸಂಗದ ಪುಸ್ತಕವನ್ನು ತೆರೆದು ಒಂದು ಪುಟ ಓದುತ್ತಾಳೆ. ನಮ್ಮ ತಾಯಿಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಡಕೆ ಸುಲಿಯುತ್ತ ಕೇಳುತ್ತಾರೆ. ಮೊಮ್ಮಗಳು ಪದವನ್ನು ತಪ್ಪಾಗಿ ಓದಿದರೆ ತಲೆಯೆತ್ತದೆ, ‘ಅಂಚ ಅತ್ತ್ ಬಾಲೆ’ ಎಂದು ತುಳುವಿನಲ್ಲಿ ತಡೆದು, ಸರಿಯಾದ ಕನ್ನಡ ಪದವನ್ನು ರಾಗವಾಗಿ ಹೇಳುತ್ತಾರೆ. ಎಪ್ಪತ್ತು ವರ್ಷ ಆಟ ಕೇಳಿದ ಕಿವಿ ಅದು. ಆದರೆ ಆ ಪದ ಪುಸ್ತಕದಲ್ಲಿ ಹೇಗಿದೆಯೆಂದು ಅವರು ಎಂದೂ ಕಂಡವರಲ್ಲ. ಮೊಮ್ಮಗಳು ಬೆರಳಿಟ್ಟು ತೋರಿಸಿದಾಗ, ಕನ್ನಡಕವನ್ನು ಸರಿಪಡಿಸಿಕೊಂಡು ಬಹಳ ಹೊತ್ತು ನೋಡುತ್ತಾರೆ.

ಆದುದರಿಂದ ನಮ್ಮ ಅರಿಕೆ ಇಷ್ಟೇ. ಮಲಯಾಳವನ್ನು ಚೆನ್ನಾಗಿ ಕಲಿಯೋಣ. ಅದು ನಮ್ಮ ನೆರೆಯವರ ಭಾಷೆ, ನಮ್ಮ ರಾಜ್ಯದ ಭಾಷೆ, ಕೊಲ್ಲಂನಲ್ಲಿ ನಮ್ಮ ಹುಡುಗ ಅರ್ಥ ಹೇಳಿಕೊಟ್ಟ ಭಾಷೆ. ಇಂಗ್ಲಿಷನ್ನೂ ಕಲಿಸೋಣ. ಆದರೆ ಕನ್ನಡದ ಅಕ್ಷರವನ್ನು ಮಕ್ಕಳ ಕಣ್ಣಿನಿಂದ ಕಸಿಯದಿರೋಣ. ಮನೆಗೊಂದು ಪ್ರಸಂಗ ಪುಸ್ತಕವಿರಲಿ. ವಾರಕ್ಕೊಂದು ಸಂಜೆ ಮಕ್ಕಳು ಓದಲಿ, ಹಿರಿಯರು ತಿದ್ದಲಿ. ಬರುವ ಜೂನ್ ತಿಂಗಳ ಆ ಆರನೆಯ ದಿನವನ್ನು ದಯವಿಟ್ಟು ನೆನಪಿನಲ್ಲಿಡಿ. ನಾವು ಈ ಬೇಸಗೆಯಲ್ಲಿಯೂ ನಿಮ್ಮ ಜಗಲಿಗೆ ಬರುತ್ತೇವೆ. ಈ ಸಲ ನೀವು ನಿಸ್ಸಂಕೋಚವಾಗಿ, ‘ನಿಮ್ಮ ಮಗಳು ಯಾವ ಶಾಲೆಗೆ ಹೋಗುವುದು ಮಾಷ್ಟ್ರೇ?’ ಎಂದು ಕೇಳಬಹುದು. ಉತ್ತರ ಹೇಳಲು ನಮಗೆ ನಾಚಿಕೆಯಿಲ್ಲ.